ಭಾವನ ಬಾಟಲಿ, ಮ್ಯಾನೇಜರ ಕಾಲರು

ನಮ್ಮ ಕಾರ್ಖಾನೆಯ ಎರಡನೇ ಷೆಡ್ಡಿನ ವಾಸನೆ ನಿಮಗೆ ಗೊತ್ತಿರಲಾರದು. ಗೊತ್ತಿದ್ದರೆ ಮರೆಯುತ್ತಿರಲಿಲ್ಲ. ಒದ್ದೆ ಕಾಲುಚೀಲವನ್ನು ಮೂರು ದಿನ ಡಬ್ಬಿಯಲ್ಲಿ ಮುಚ್ಚಿಟ್ಟು, ನಾಲ್ಕನೇ ದಿನ ಮುಚ್ಚಳ ತೆಗೆದು ಒಳಗೆ ಮುಖ ಇಟ್ಟರೆ ಹೇಗೋ ಹಾಗೆ. ಆ ವಾಸನೆಯಲ್ಲಿ ನಿಂತು ನಾನು ಒಂಬತ್ತು ವರ್ಷ ಗಾಜಿನ ಸಾಮಾನು ತೊಳೆದೆ. ಈಗಲೂ ಬಸ್ಸಿನಲ್ಲಿ ಯಾರಾದರೂ ಬೂಟು ಬಿಚ್ಚಿದರೆ ಉಳಿದವರೆಲ್ಲ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಕಣ್ಣು ತುಂಬಿ ಬರುತ್ತದೆ.

ಅಲ್ಲಿ ತಯಾರಾಗುತ್ತಿದ್ದದ್ದು ಕಿಣ್ವ. ಪುಸ್ತಕದಲ್ಲಿ ಕಿಣ್ವ, ಡಾಕ್ಟರ ಬಾಯಲ್ಲಿ ಎಂಜೈಮ್, ನಮ್ಮ ಬಾಯಲ್ಲಿ ಬರೀ ಸರಕು. ನೇಯುವಾಗ ನೂಲು ಹರಿಯದಿರಲಿ ಎಂದು ಬಟ್ಟೆ ಗಿರಣಿಯವರು ಅದಕ್ಕೆ ಗಂಜಿ ಹಾಕುತ್ತಾರೆ. ನೇಯ್ದಾದ ಮೇಲೆ ಆ ಗಂಜಿಯನ್ನೆಲ್ಲ ಬಿಡಿಸಬೇಕು, ಇಲ್ಲದಿದ್ದರೆ ಬಣ್ಣ ಹತ್ತುವುದಿಲ್ಲ. ಗಿರಣಿಯ ತೊಟ್ಟಿಯಲ್ಲಿ ನೀರು ಕೊತಕೊತ ಕುದಿಯುತ್ತಿರುತ್ತದೆ. ಅಂಥ ಬಿಸಿಯಲ್ಲೂ ಸೋಲದೆ ಗಂಜಿಯನ್ನು ಕರಗಿಸಿ ನೀರು ಮಾಡುವುದು ನಮ್ಮ ಸರಕಿನ ಕೆಲಸ. ಅದನ್ನು ಸುರಿಸುವ ಬ್ಯಾಕ್ಟೀರಿಯಾವನ್ನು ನಮ್ಮ ಡಾಕ್ಟರು ಎಲ್ಲೋ ಬೆಟ್ಟದ ಬುಡದ ಬಿಸಿನೀರಿನ ಬುಗ್ಗೆಯಿಂದ ಹಿಡಿದು ತಂದಿದ್ದರು.

ಡಾಕ್ಟರು ಎಂದರೆ ಸೂಜಿ ಚುಚ್ಚುವವರಲ್ಲ, ಓದಿ ಓದಿ ಡಾಕ್ಟರಾದವರು. ಪಾಪದ ಮನುಷ್ಯ. ಸರಕನ್ನು ಶುದ್ಧ ಮಾಡಲಿಕ್ಕೆಂದು ಒಂದು ಶೀತಲ ಕೋಣೆ ಕಟ್ಟಿಸಿಕೊಂಡು, ಬೇಸಿಗೆಯಲ್ಲೂ ಸ್ವೆಟರು, ಮಫ್ಲರು ತೊಟ್ಟು ಅದರೊಳಗೆ ಕೂರುತ್ತಿದ್ದರು. ಉದ್ದುದ್ದ ಗಾಜಿನ ಕೊಳವೆಗಳಿಂದ ಸರಕು ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ವಾರವೆಲ್ಲ ಇಳಿದರೆ ಒಂದು ಬಟ್ಟಲು. ಗಿರಣಿಯವರು ಕೇಳುತ್ತಿದ್ದದ್ದು ನಲವತ್ತು ಪೀಪಾಯಿ.

ಬಿಸಿ ಬುಗ್ಗೆಯಲ್ಲಿ ಹುಟ್ಟಿ ಬೆಳೆದದ್ದನ್ನು ತಂದು ಐಸಿನ ಕೋಣೆಯಲ್ಲಿ ಯಾಕೆ ಕೂರಿಸಿದ್ದಾರೆ ಎಂದು ಇಡೀ ಕಾರ್ಖಾನೆಯಲ್ಲಿ ಕೇಳಿದವರು ಒಬ್ಬರೇ, ನಮ್ಮ ಭಾವ.

"ಸರ್, ಅದಕ್ಕೆ ಚಳಿ ಆಗಲ್ವಾ?"

"ಪ್ರೋಟೀನ್ ಕಣಪ್ಪಾ ಅದು. ಬಿಸಿ ಮಾಡಿದ್ರೆ ಕೋಳಿಮೊಟ್ಟೆ ಥರ ಗಟ್ಟಿಯಾಗಿಬಿಡುತ್ತೆ. ಹೋಗು, ಬಾಗಿಲು ಹಾಕ್ಕೊಂಡು ಹೋಗು. ಬಿಸಿ ಗಾಳಿ ಬರ್ತಿದೆ."

ಭಾವ ಎಂದರೆ ನನ್ನ ಅಕ್ಕನ ಗಂಡ. ದೊಡ್ಡ ತೊಟ್ಟಿಯ ಪಕ್ಕ ನಿಂತು, ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿ, ಅಂಕಿಯನ್ನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ಅವರ ಕೆಲಸ. ಹನ್ನೊಂದು ವರ್ಷದಿಂದ ಬರೆಯುತ್ತಿದ್ದರು, ಹನ್ನೊಂದು ವರ್ಷದಿಂದಲೂ ಹಂಗಾಮಿ. ಕಾರ್ಖಾನೆಯ ಕಾಂಪೌಂಡಿನ ಮರ ಅವರ ನಂತರ ನೆಟ್ಟದ್ದು, ಅದು ಕಾಯಂ ಆಗಿತ್ತು. ಎರಡನೇ ಷೆಡ್ಡಿನಲ್ಲಿ ಇಂಥ ಹಂಗಾಮಿಗಳು ನಾವು ಹನ್ನೆರಡು ಮಂದಿ ಇದ್ದೆವು.

ಆ ವರ್ಷ ಗಿರಣಿಯವರು ಎರಡು ಸಲ ಸರಕನ್ನು ವಾಪಸು ಕಳಿಸಿದರು. ಬಗ್ಗಡದಂತಿದೆ, ಬಟ್ಟೆಗೆ ಕಲೆ ಹಿಡಿಯುತ್ತದೆ ಎಂದು ದೂರು. ಮ್ಯಾನೇಜರು ನೋಟಿಸು ಅಂಟಿಸಿದರು: ಶುಕ್ರವಾರ ಗಿರಣಿಯ ಮೇಸ್ತ್ರಿ ಬಂದು ಸರಕು ನೋಡುತ್ತಾರೆ, ಈ ಸಲವೂ ಬಗ್ಗಡವಾಗಿದ್ದರೆ ಎರಡನೇ ಷೆಡ್ಡಿಗೆ ಬೀಗ, ಹನ್ನೆರಡು ಮಂದಿಗೂ ಗೇಟು. ತಲೆ ಕೆಡಿಸಿಕೊಳ್ಳಬೇಕಾದವರು ಶೀತಲ ಕೋಣೆಯಲ್ಲಿದ್ದರು. ಕೆಲಸ ಕಳೆದುಕೊಳ್ಳಬೇಕಾದವರು ತೊಟ್ಟಿ ತೊಳೆಯುತ್ತಿದ್ದೆವು.

ಇಂಥ ಹೊತ್ತಿನಲ್ಲಿ, ಭಾನುವಾರ ಬೆಳಿಗ್ಗೆ, ನಮ್ಮ ಭಾವ ಜಗಲಿಯಲ್ಲಿ ಕೂತು ಪಕ್ಕದ ಮನೆಯ ನಿವೃತ್ತ ಪೋಸ್ಟ್ ಮಾಸ್ಟರ ಎದುರು ಒಂದು ಸಣ್ಣ ಮಾತು ಆಡಿದರು. ದೊಡ್ಡ ಸುಳ್ಳು ಹೇಳುವ ತಾಕತ್ತು ಅವರಿಗೆ ಯಾವತ್ತೂ ಇರಲಿಲ್ಲ.

"ನಾನೀಗ ಶುದ್ಧೀಕರಣ ವಿಭಾಗ ನೋಡ್ಕೋತಿದೀನಿ, ಪೋಸ್ಟ್ ಮಾಸ್ಟ್ರೇ."

ಸುಳ್ಳಲ್ಲ. ಶುದ್ಧೀಕರಣ ವಿಭಾಗದ ಬಾಗಿಲು ಅವರು ನಿಲ್ಲುವ ಜಾಗದಿಂದ ಚೆನ್ನಾಗಿ ಕಾಣುತ್ತಿತ್ತು. ದಿನವಿಡೀ ನೋಡಿಕೊಳ್ಳುತ್ತಿದ್ದರು.

"ಅಂದ್ರೆ ಏನು ಶುದ್ಧ ಮಾಡ್ತೀರಿ?"

"ನಮ್ಮವು ಕುದಿಯೋ ನೀರಲ್ಲಿ ಹಾಕಿದ್ರೂ ಸಾಯಲ್ಲ. ಅಂಥವು."

"ಏನು ಅಂಥವು?"

"ಅದೇ… ಸೂಕ್ಷ್ಮ ಜೀವಿಗಳು." ಸರಕು ಜೀವಿಯಲ್ಲ, ಜೀವಿ ಸುರಿಸಿದ ರಸ ಮಾತ್ರ ಎಂಬ ವಿಷಯ ಭಾವನಿಗೆ ಹನ್ನೊಂದು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಹಂಗಾಮಿಗಳಿಗೆ ಹೇಳುವ ಪದ್ಧತಿ ಇರಲಿಲ್ಲ.

ಪೋಸ್ಟ್ ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಮೂವತ್ತೈದು ವರ್ಷ ಊರೆಲ್ಲರ ಕಾಗದ ಹಂಚಿದೀನಿ ಕಣಯ್ಯ. ಬುರುಡೆ ಯಾವುದು, ನಿಜ ಯಾವುದು ಅಂತ ಲಕೋಟೆ ಮುಟ್ಟಿದ್ರೇ ಗೊತ್ತಾಗುತ್ತೆ ನನಗೆ. ಇದು ಬುರುಡೆ."

"ಬುರುಡೆನಾ? ತೋರಿಸ್ತೀನಿ, ನೋಡಿ!"

ಸೋಮವಾರ ಸಂಜೆ ಭಾವ ತೋರಿಸಿಯೇಬಿಟ್ಟರು. ಗಿರಣಿಯವರು ವಾಪಸು ಕಳಿಸಿ, ಚರಂಡಿಗೆ ಚೆಲ್ಲಿ ಎಂದು ಮ್ಯಾನೇಜರು ಹೇಳಿದ್ದ ಸರಕಿನಲ್ಲಿ ಐದು ಲೀಟರು ದೊಡ್ಡ ಗಾಜಿನ ಬಾಟಲಿಗೆ ತುಂಬಿಕೊಂಡು ಬಂದರು. ಗೇಟಿನಲ್ಲಿ ದಿನಾ ನಮ್ಮ ಊಟದ ಡಬ್ಬಿ ತೆರೆಸಿ ನೋಡುತ್ತಿದ್ದರು. ಮ್ಯಾನೇಜರ ಕಾರಿನ ಡಿಕ್ಕಿ ತೆರೆಸಿದ್ದನ್ನು ನಾನಂತೂ ಕಂಡಿಲ್ಲ. ಆದರೆ ಒಗೆಯಲಿಕ್ಕೆ ಹೋಗುವ ಕೋಟುಗಳ ಗಂಟನ್ನು ಮಾತ್ರ ವಾಸನೆಗೆ ಹೆದರಿ ಕಾವಲುಗಾರ ಮುಟ್ಟುತ್ತಿರಲಿಲ್ಲ. ಬಾಟಲಿ ಆ ಗಂಟಿನಲ್ಲಿ ಕೂತು ನಮ್ಮ ಮನೆಗೆ ಬಂತು.

ಯಾಕೆ ನಮ್ಮ ಮನೆಗೆ ಎಂದರೆ, ಮುಂದಿನ ಕೋಣೆಯೇ ಅಕ್ಕನ ಲಾಂಡ್ರಿ. ಒಗೆಯುವುದು, ಗಂಜಿ ಹಾಕುವುದು, ಇದ್ದಿಲಿನ ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡುವುದು. ಅಕ್ಕನ ಗಂಜಿಯೆಂದರೆ ಆ ಊರಿನ ಅಧಿಕಾರವೆಲ್ಲ ಅದರ ಮೇಲೆ ನಿಂತಿತ್ತು. ಮ್ಯಾನೇಜರ ಕಾಲರು, ಹೆಲ್ತ್ ಇನ್ಸ್‌ಪೆಕ್ಟರ ಸಮವಸ್ತ್ರ, ಡಾಕ್ಟರ ಬಿಳಿ ಕೋಟು, ಎಲ್ಲವೂ ಅಕ್ಕನ ಕೈಯಲ್ಲಿ ನೆಟ್ಟಗಾಗಿ ಹೋಗುತ್ತಿದ್ದವು. ಆ ಬಟ್ಟೆಗಳನ್ನು ಗೋಡೆಗೆ ಒರಗಿಸಿದರೆ ಒಳಗೆ ಮನುಷ್ಯನಿಲ್ಲದೆಯೂ ನಿಲ್ಲುತ್ತಿದ್ದವು. ಕೆಲವು ಸಲ ಮನುಷ್ಯ ಒಳಗಿದ್ದರೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ.

"ಏನ್ರೀ ಇದು, ಹೊಂಡದ ನೀರು?" ಅಕ್ಕ ಕೇಳಿದಳು.

"ನಮ್ಮ ವಿಭಾಗದ್ದು," ಎಂದು ಭಾವ ಬಾಟಲಿಯನ್ನು ಬೀದಿಗೆ ಕಾಣುವ ಹಾಗೆ ಕಿಟಕಿಯಲ್ಲಿಟ್ಟು, ಕೆಳಗೊಂದು ಚೀಟಿ ಅಂಟಿಸಿದರು: 'ಮುಟ್ಟಬೇಡಿ. ಕುದಿಸಿದರೂ ಸಾಯುವುದಿಲ್ಲ.'

ಪೋಸ್ಟ್ ಮಾಸ್ಟರು ಚೀಟಿ ಓದಿದರು. ಬಾಟಲಿಯೊಳಗೆ ಕಂದು ಬಣ್ಣದ ಎಂಥದೋ ಮೆಲ್ಲಗೆ ತಿರುಗುತ್ತಿತ್ತು. ಅವರು ಸೀದಾ ಮನೆಗೆ ಹೋಗಿ ಬಾಗಿಲು ಹಾಕಿ, ನಿವೃತ್ತರಾದ ಮೇಲೆ ಅವರಿಗೆ ಉಳಿದಿದ್ದ ಒಂದೇ ಸುಖವನ್ನು ಅನುಭವಿಸಿದರು. ಕಾಗದ ಬರೆದರು, ಮೂರು ಪ್ರತಿ. ಒಂದು ಹೆಲ್ತ್ ಇನ್ಸ್‌ಪೆಕ್ಟರಿಗೆ, ಒಂದು ಕಾರ್ಖಾನೆಯ ಮ್ಯಾನೇಜರಿಗೆ, ಒಂದು ತಮಗೇ. ತಮಗೆ ಬರೆದದ್ದಕ್ಕೂ ಅಂಚೆಚೀಟಿ ಹಚ್ಚಿದರು.

ಬುಧವಾರ ಮಧ್ಯಾಹ್ನ ಹೆಲ್ತ್ ಇನ್ಸ್‌ಪೆಕ್ಟರು ಇಬ್ಬರು ಪಂಪಿನವರನ್ನು ಕಟ್ಟಿಕೊಂಡು ಬಂದರು. ಬೀದಿಯ ಎರಡು ತುದಿಗೂ ಹಗ್ಗ ಕಟ್ಟಿಸಿದರು. ಚರಂಡಿ ತುಂಬಿ ಹರಿಯುತ್ತಿದೆ ಎಂದು ನಾವು ಎರಡು ವರ್ಷ ಅರ್ಜಿ ಕೊಟ್ಟಾಗ ಬಾರದ ಹಗ್ಗ ಅದು. ಹಗ್ಗ ನೋಡಿದ್ದೇ ಜನ ಸೇರಿದರು. ಸೇರಬಾರದು ಎಂದು ಕಟ್ಟಿದ ಹಗ್ಗಕ್ಕೆ ಮೊಣಕೈ ಊರಿಕೊಂಡು ನಿಂತರು.

"ಎಷ್ಟಿವೆ ಇದರಲ್ಲಿ?" ಇನ್ಸ್‌ಪೆಕ್ಟರು ದೂರದಿಂದಲೇ ಕೇಳಿದರು.

"ಎಣಿಸಿಲ್ಲ ಸಾರ್," ಎಂದರು ಭಾವ.

"ಅಂದಾಜು ಹೇಳ್ರೀ, ರಿಪೋರ್ಟಲ್ಲಿ ಬರೀಬೇಕು."

"ಒಂದು ತೊಟ್ಟಲ್ಲೇ ಕೋಟಿ ಇರುತ್ತೆ ಅಂತ ಡಾಕ್ಟ್ರು ಹೇಳ್ತಿದ್ರು."

ಇನ್ಸ್‌ಪೆಕ್ಟರು ಎರಡು ಹೆಜ್ಜೆ ಹಿಂದೆ ಸರಿದರು. ಪಂಪಿನವರು ನಾಲ್ಕು ಸರಿದರು. "ಕುದಿಸಿ ಸಾಯಿಸಿ!"

"ಸಾರ್, ಚೀಟಿಯಲ್ಲಿ ಸಾಯಲ್ಲ ಅಂತ ಬರೆದಿದೆಯಲ್ಲ," ಎಂದು ಪೋಸ್ಟ್ ಮಾಸ್ಟರು ಜ್ಞಾಪಿಸಿದರು.

"ಸರ್ಕಾರಿ ಆದೇಶ ಆದ್ಮೇಲೆ ಸಾಯಲೇಬೇಕು!"

ಅಷ್ಟು ದೊಡ್ಡ ಬಾಟಲಿ ಹಿಡಿಸುವ ಪಾತ್ರೆ ಬೀದಿಯಲ್ಲಿ ಒಂದೇ ಇತ್ತು, ಅಕ್ಕ ಗಂಜಿ ಕಾಯಿಸುವ ಹಂಡೆ. ಅದಕ್ಕೆ ನೀರು ತುಂಬಿ, ಒಲೆ ಹೊತ್ತಿಸಿ, ಬಾಟಲಿಯನ್ನು ಕುತ್ತಿಗೆಯವರೆಗೆ ಇಳಿಸಿದರು. ನೀರು ಮರಳತೊಡಗಿತು. ಭಾವ ಹಂಡೆಯ ಪಕ್ಕ ನಿಂತರು. ಕೈಗೆ ಸೀಮೆಸುಣ್ಣ ಸಿಗದೆ ಬೆರಳಿನಲ್ಲೇ ಗಾಳಿಯಲ್ಲಿ ಅಂಕಿ ಬರೆಯುತ್ತಿದ್ದರು ಪಾಪ. ಸ್ವಲ್ಪ ಹೊತ್ತಿಗೆ ಬಾಟಲಿಯೊಳಗಿನ ಬಗ್ಗಡ ಒಡೆದ ಹಾಲಿನ ಹಾಗೆ ಚೂರುಚೂರಾಗಿ, ಮೆಲ್ಲಮೆಲ್ಲಗೆ ತಳಕ್ಕಿಳಿದು ಕೂತಿತು. ಮೇಲೆ ಉಳಿದದ್ದು ಜೇನಿನ ಬಣ್ಣದ ತಿಳಿನೀರು.

"ಸತ್ತವು!" ಎಂದು ಇನ್ಸ್‌ಪೆಕ್ಟರು ತಳವನ್ನು ಬೆರಳಿಟ್ಟು ತೋರಿಸಿದರು. ಹಗ್ಗದ ಆಚೆ ಜನ ಚಪ್ಪಾಳೆ ತಟ್ಟಿದರು. ಇನ್ಸ್‌ಪೆಕ್ಟರು ಅಲ್ಲೇ ಜಗಲಿಯ ಮೇಲೆ ಕೂತು ಸರ್ಟಿಫಿಕೇಟು ಬರೆದು ಮೊಹರು ಒತ್ತಿದರು: 'ಜೀವಿಗಳೆಲ್ಲ ಮೃತಪಟ್ಟಿದ್ದು, ಉಳಿದಿರುವುದು ಯಾವ ಗುಣವೂ ಇಲ್ಲದ ನಿರಪಾಯಕಾರಿ ನೀರು.'

ಭಾವ ಆವತ್ತು ಊಟ ಮಾಡಲಿಲ್ಲ. "ಹನ್ನೊಂದು ವರ್ಷ ಸಾಕಿದ್ದೆ ಕಣಮ್ಮಾ," ಎಂದು ನನ್ನ ಹತ್ತಿರ ಹೇಳಿಕೊಂಡರು. "ಜಂಬಕ್ಕೆ ಕೊಂದುಬಿಟ್ಟೆ."

ಅಕ್ಕನಿಗೆ ಶೋಕಕ್ಕೆ ಪುರಸೊತ್ತಿರಲಿಲ್ಲ. ನಲ್ಲಿ ದಿನ ಬಿಟ್ಟು ದಿನ ಬರುತ್ತಿತ್ತು. ಗುಣವಿಲ್ಲದ ನಿರಪಾಯಕಾರಿ ನೀರೆಂದು ಸರ್ಕಾರವೇ ಬರೆದುಕೊಟ್ಟಿರುವಾಗ ಸುಮ್ಮನೆ ಚೆಲ್ಲುವುದೆಂತು? ಗುರುವಾರ ಬೆಳಿಗ್ಗೆ ಆ ತಿಳಿಯಲ್ಲಿ ಅರ್ಧ ಬಗ್ಗಿಸಿ ಹಂಡೆಗೆ ಹಾಕಿ, ಗಂಜಿಗೆ ಇಟ್ಟಳು.

ಗಂಜಿ ಗಟ್ಟಿಯಾಗಲಿಲ್ಲ. ಇನ್ನಷ್ಟು ಹಿಟ್ಟು ಹಾಕಿದಳು. ಒಂದು ಕ್ಷಣ ಗಟ್ಟಿಯಾದ ಹಾಗೆ ಮಾಡಿ ಮತ್ತೆ ನೀರಾಯಿತು. "ಹಿಟ್ಟಿನವನು ಮೋಸ ಮಾಡಿದಾನೆ ಕಣೇ!" ಎಂದು ಬೈಯುತ್ತಲೇ ಊರಿನವರ ಬಟ್ಟೆಯೆಲ್ಲ ಅದರಲ್ಲಿ ಅದ್ದಿ, ಒಣಗಿಸಿ, ಇಸ್ತ್ರಿ ಮಾಡಿ ಕಳಿಸಿದಳು.

ಶುಕ್ರವಾರ ಬೆಳಿಗ್ಗೆ ಊರಿನ ಅಧಿಕಾರವೆಲ್ಲ ಜೋತುಬಿತ್ತು. ಇನ್ಸ್‌ಪೆಕ್ಟರ ಭುಜದ ಪಟ್ಟಿ ಕಂಕುಳಿಗೆ ಇಳಿದಿತ್ತು, ರಸ್ತೆಯಲ್ಲಿ ಯಾರೂ ಅವರಿಗೆ ನಮಸ್ಕಾರ ಮಾಡಲಿಲ್ಲವಂತೆ. ಡಾಕ್ಟರ ಕೋಟು ಒಗೆದ ಹೊದಿಕೆಯಂತೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಮ್ಯಾನೇಜರು ಮಾತ್ರ ಹುಷಾರು, ಹಿಂದಿನ ವಾರದ ಗಟ್ಟಿ ಅಂಗಿ ಒಂದನ್ನು ಹುಡುಕಿ ತೊಟ್ಟಿದ್ದರು. ಅವರ ಮೇಜಿನ ಮೇಲೆ ಪೋಸ್ಟ್ ಮಾಸ್ಟರ ಕಾಗದವಿತ್ತು. ಅದರ ಪಕ್ಕದಲ್ಲಿ ಭಾವನನ್ನು ಕೆಲಸದಿಂದ ತೆಗೆಯುವ ಪತ್ರ, ಸಹಿಯೊಂದು ಬಾಕಿ.

ಕೋಣೆಗೆ ಇನ್ಸ್‌ಪೆಕ್ಟರನ್ನು ಸಾಕ್ಷಿಯಾಗಿ ಕರೆಸಿದ್ದರು, ಬಟ್ಟೆ ಕೆಡಿಸಿದ ಲೆಕ್ಕದಲ್ಲಿ ಅಕ್ಕನನ್ನೂ ಕರೆಸಿದ್ದರು. ಅಕ್ಕ ಉಳಿದಿದ್ದ ತಿಳಿಯ ಸಮೇತ ಬಾಟಲಿಯನ್ನು ಸೊಂಟಕ್ಕೆ ಏರಿಸಿಕೊಂಡು ಬಂದಳು. ಮೂಲೆಯಲ್ಲಿ ಗಿರಣಿಯ ಮೇಸ್ತ್ರಿ ಬಿಸಿನೀರು ಕುಡಿಯುತ್ತ ಕೂತಿದ್ದರು. ವರ್ಷಕ್ಕೆ ಹತ್ತು ಮಾತು ಆಡುವ ಮನುಷ್ಯ. ನಾನು ಗಾಜಿನ ಲೋಟ ತಂದಿಡುವ ನೆಪದಲ್ಲಿ ಬಾಗಿಲಲ್ಲಿ ನಿಂತೆ.

"ಕಂಪನಿಯ ಅಮೂಲ್ಯ ಸ್ವತ್ತು ಕದ್ದಿದೀಯ," ಎಂದು ಮ್ಯಾನೇಜರು ಭಾವನಿಗೆ ಹೇಳಿದರು. "ಇದೊಂದೇ ಸಾಕು ನಿನ್ನನ್ನ ಮನೆಗೆ ಕಳಿಸೋದಕ್ಕೆ."

"ಕದ್ದಿದ್ದಲ್ಲ ಸರ್, ಕೊಂದಿದ್ದು," ಎಂದು ಭಾವ ಅಳತೊಡಗಿದರು. "ಅಷ್ಟನ್ನೂ ಕೊಂದುಬಿಟ್ಟೆ. ಬೇಕಾದ್ರೆ ಕೊಲೆ ಅಂತಲೇ ಬರ್ಕೊಳ್ಳಿ."

"ಸ್ವಲ್ಪ ಬಾಯಿ ಮುಚ್ಕೊಂಡಿರ್ರೀ," ಎಂದು ಅಕ್ಕ ಮುಂದೆ ಬಂದಳು. "ಸಾಹೇಬ್ರೇ, ನೀವು ಅಮೂಲ್ಯ ಅಂತೀರಿ. ಈ ಸಾಹೇಬ್ರು ಗುಣವಿಲ್ಲದ ನೀರು ಅಂತ ಮೊಹರು ಹಾಕಿ ಕೊಟ್ಟಿದಾರೆ. ನೀರಾಗಿದ್ರೆ ಇವರು ನಿಮ್ಮ ಚರಂಡಿ ನೀರು ತಂದ್ರು ಅಷ್ಟೇ, ಅದಕ್ಕೆ ಕಳ್ಳತನ ಅನ್ನಬೇಡಿ. ಅಮೂಲ್ಯ ಆಗಿದ್ರೆ ಚರಂಡಿಗೆ ಚೆಲ್ಲಿ ಅಂದವರು ಯಾರು, ಮೊದಲು ಅವರನ್ನ ಕೆಲಸದಿಂದ ತೆಗೀರಿ. ಎರಡರಲ್ಲಿ ಒಂದು ಮಾತಾಡಿ, ನನಗೆ ಅಂಗಡಿ ಇದೆ."

ಮ್ಯಾನೇಜರು ಇನ್ಸ್‌ಪೆಕ್ಟರ ಮುಖ ನೋಡಿದರು. ಇನ್ಸ್‌ಪೆಕ್ಟರು ತಮ್ಮ ಭುಜದ ಪಟ್ಟಿಯನ್ನು ಮೇಲಕ್ಕೆತ್ತಿ ಕೂರಿಸಲು ನೋಡಿದರು. ಅದು ಮತ್ತೆ ಇಳಿಯಿತು.

"ಮತ್ತೆ ನಮ್ಮ ಬಟ್ಟೆಗೇನು ಮಾಡಿದೆಯಮ್ಮಾ?" ಎಂದರು ಇನ್ಸ್‌ಪೆಕ್ಟರು ರೋಸಿಹೋಗಿ.

"ನಿಮ್ಮ ಗುಣವಿಲ್ಲದ ನೀರಲ್ಲೇ ಗಂಜಿ ಕಾಯಿಸಿದ್ದು. ಆರು ಸೇರು ಹಿಟ್ಟು ಸುರಿದೆ, ನೀರಾಗಿ ಹೋಯ್ತು."

ಅಲ್ಲಿಯವರೆಗೆ ಮೇಸ್ತ್ರಿಯ ಪಕ್ಕದ ಕುರ್ಚಿಯಲ್ಲಿ ಮಫ್ಲರಿನೊಳಗೆ ಮುದುಡಿಕೊಂಡಿದ್ದ ಡಾಕ್ಟರು ತಲೆಯೆತ್ತಿದರು. "ಏನಂದ್ರಿ? ಗಂಜಿ ನೀರಾಯ್ತಾ? ಕುದಿಸಿದ ಮೇಲೂನಾ?"

ಆಮೇಲೆ ನಡೆದದ್ದು ಎರಡೇ ನಿಮಿಷ. ಡಾಕ್ಟರು ಮೇಸ್ತ್ರಿಯ ಕೈಯಿಂದ ಬಿಸಿನೀರಿನ ಲೋಟ ಕಿತ್ತುಕೊಂಡು, ಬಾಟಲಿಯ ತಿಳಿಯನ್ನು ಅದಕ್ಕೆ ಬೆರೆಸಿದರು. ಕೋಣೆಯಲ್ಲಿ ಗಂಜಿ ಉಳಿದಿದ್ದ ಬಟ್ಟೆ ಒಂದೇ, ಮ್ಯಾನೇಜರು ತೊಟ್ಟಿದ್ದದ್ದು. ಹೇಳದೆ ಕೇಳದೆ ಅವರ ಮುಂಗೈ ಹಿಡಿದು ತೋಳಿನ ತುದಿಯನ್ನು ಲೋಟಕ್ಕೆ ಅದ್ದಿ ಹಿಡಿದರು. "ಬಿಡ್ರೀ, ಏನ್ರೀ ಇದು!" ಎಂದರೂ ಬಿಡಲಿಲ್ಲ. ಆಮೇಲೆ ಜೇಬಿನಿಂದ ಅಯೋಡಿನ್ ಬಾಟಲಿ ತೆಗೆದು ಇಡೀ ತೋಳಿನ ಮೇಲೆ ಸುರಿದರು. ಗಂಜಿ ಇದ್ದಲ್ಲಿ ಅಯೋಡಿನ್ ಬಿದ್ದರೆ ನೀಲಿಯಾಗುತ್ತದೆ. ತೋಳೆಲ್ಲ ಕಡು ನೀಲಿಯಾಯಿತು. ಅದ್ದಿದ ತುದಿಯಲ್ಲಿ ಮಾತ್ರ ನೀಲಿಯ ಸುಳಿವಿಲ್ಲ.

"ಬದುಕಿದೆ!" ಎಂದು ಡಾಕ್ಟರು ಮಫ್ಲರು ಕಿತ್ತೆಸೆದರು. "ಕಸ ಅಷ್ಟೂ ಮೊಟ್ಟೆ ಥರ ಗಟ್ಟಿಯಾಗಿ ತಳಕ್ಕೆ ಹೋಗಿದೆ. ಇದೊಂದೇ ಬಿಸಿಗೆ ಜಗ್ಗದೆ ಮೇಲೆ ನಿಂತಿದೆ. ಇಷ್ಟು ವರ್ಷ ಕೊಳವೆ ಹಿಡ್ಕೊಂಡು ಚಳೀಲಿ ಕೂತಿದ್ದೆನಲ್ಲಪ್ಪಾ! ಕಾಯಿಸಿದ್ರೆ ಸಾಕಾಗಿತ್ತಾ!"

ಮೂಲೆಯಿಂದ ಮೇಸ್ತ್ರಿಯ ಧ್ವನಿ ಬಂತು. "ಎಷ್ಟು ಪೀಪಾಯಿ ಕೊಡ್ತೀರಿ?"

ಮ್ಯಾನೇಜರು ನೀಲಿ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಿಳಿ ಕೈಯಲ್ಲಿ ಭಾವನ ಪತ್ರವನ್ನು ಮೆಲ್ಲಗೆ ಡ್ರಾಯರಿಗೆ ಸರಿಸಿದರು. "ನಾನು ಮೊದಲಿಂದಲೂ ಹೇಳ್ತಾನೇ ಇದ್ದೆ," ಎಂದರು. "ಕಾಯಿಸಿ ಅಂತ."

ಭಾವನಿಗೆ ಏನೂ ಅರ್ಥವಾಗಿರಲಿಲ್ಲ. ಹೊರಗೆ ಬಂದ ಮೇಲೆ ಡಾಕ್ಟರ ಕೋಟು ಹಿಡಿದು ನಿಲ್ಲಿಸಿದರು.

"ಹಾಗಾದ್ರೆ ನಾನು ಕೊಂದಿಲ್ವಾ ಸರ್?"

"ಬ್ಯಾಕ್ಟೀರಿಯಾ ಸತ್ತಿವೆ. ಎಂಜೈಮಿಗೆ ಏನೂ ಆಗಿಲ್ಲ. ಅದು ಜೀವ ಇರೋ ವಸ್ತುನೇ ಅಲ್ಲ ಕಣಪ್ಪಾ."

"ಬದುಕಿಲ್ಲ, ಸಾಯೋದೂ ಇಲ್ಲ. ಎಷ್ಟು ಕುದಿಸಿದ್ರೂ ಕೆಲಸ ಮಾತ್ರ ಮಾಡ್ತಿರುತ್ತೆ?"

"ಹೂಂ. ಹಾಗೇ."

ಭಾವ ಹಿಡಿದಿದ್ದ ಕೋಟನ್ನು ಬಿಟ್ಟರು. "ಹಂಗಾಮಿ ಅನ್ನಿ," ಎಂದರು.

ಡಾಕ್ಟರು ಕೋಟಿನ ಜೋತುಬಿದ್ದ ಜೇಬಿನೊಳಗೆ ಕೈ ಇಟ್ಟುಕೊಂಡು ನೆಲ ನೋಡಿದರು.

ಎರಡು ತಿಂಗಳಲ್ಲಿ ಎರಡನೇ ಷೆಡ್ಡಿನಲ್ಲಿ ಉಗಿಯಿಂದ ಕಾಯುವ ಹೊಸ ತೊಟ್ಟಿ ಬಂತು. ಹನ್ನೆರಡು ಮಂದಿಯೂ ಉಳಿದೆವು, ಹಂಗಾಮಿಯಾಗಿಯೇ. ತೊಟ್ಟಿಯ ಮೇಲೆ ಹಿತ್ತಾಳೆ ಫಲಕ ಕೂತಿತು. ಮ್ಯಾನೇಜರ ಹೆಸರು ದೊಡ್ಡದಾಗಿ, ಡಾಕ್ಟರ ಹೆಸರು ಅದರ ಕೆಳಗೆ ಚಿಕ್ಕದಾಗಿ. ಇನ್ನೂ ಕೆಳಗೆ ಎರಡು ಬೆರಳಿನಷ್ಟು ಖಾಲಿ ಜಾಗವಿತ್ತು. ಊಟದ ಹೊತ್ತಿಗೆ ನಾವೆಲ್ಲ ಅದರ ಮುಂದೆ ನಿಂತು ಖಾಲಿ ಜಾಗವನ್ನು ಓದಿದೆವು. ಭಾವ ಮಾತ್ರ ಓದಲಿಲ್ಲ. ಅವರಿಗೆ ತೊಟ್ಟಿಯ ಪಕ್ಕ ಹೊಸ ಥರ್ಮಾಮೀಟರು, ಕೂರಲು ಒಂದು ಸ್ಟೂಲು ಕೊಟ್ಟಿದ್ದರು. ಅದರಲ್ಲೇ ಹಿಗ್ಗಿದ್ದರು. ಫಲಕದ ವಿಷಯವನ್ನು ಅಕ್ಕನಿಗೆ ಹೇಳಿದವಳು ನಾನು. ಅಕ್ಕ ಕೇಳಿಸಿಕೊಂಡು ಇಸ್ತ್ರಿ ಮುಂದುವರಿಸಿದಳು. ಆ ಅಂಗಿಯ ತೋಳು ಸ್ವಲ್ಪ ಸುಟ್ಟಿತು.

ಉದ್ಘಾಟನೆಗೆ ಹಾಕಿಕೊಳ್ಳಲು ಮ್ಯಾನೇಜರು ಬಿಳಿ ಅಂಗಿಯೊಂದನ್ನು ಕಳಿಸಿದರು. ಜತೆಗೊಂದು ಚೀಟಿ: 'ಕಾಲರು ಕತ್ತಿಯ ಹಾಗಿರಬೇಕು.' ಅಕ್ಕ ಹೊಸ ಹಿಟ್ಟಿನ ಗಂಜಿ ಹಾಕಿ, ಇಸ್ತ್ರಿ ಉಜ್ಜಿ ಉಜ್ಜಿ ಕತ್ತಿಯ ಹಾಗೇ ಮಾಡಿದಳು. ಆಮೇಲೆ, ಆವತ್ತು ವಾಪಸು ತಂದು ಕಿಟಕಿಯಲ್ಲೇ ಇಟ್ಟಿದ್ದ ಬಾಟಲಿಯಲ್ಲಿ ಉಳಿದಿದ್ದ ತಿಳಿಯಲ್ಲಿ ಬೆರಳು ಅದ್ದಿ, ಕಾಲರಿಗೂ ತೋಳಿನ ತುದಿಗಳಿಗೂ ಸಣ್ಣಗೆ ಚಿಮುಕಿಸಿ, ಫ್ಯಾನಿನ ಕೆಳಗೆ ಒಣಗಲು ಬಿಟ್ಟಳು.

"ಅಕ್ಕಾ, ಏನು ಮಾಡ್ತಿದೀಯ?"

"ಒಣಗಿದ್ದಾಗ ಸುಮ್ಮನಿರುತ್ತಂತೆ ಅದು, ನಿಮ್ಮ ಡಾಕ್ಟ್ರೇ ಹೇಳಿದ್ದು," ಎಂದಳು. "ಬಿಸಿ, ತೇವ ಎರಡೂ ತಾಗಿದ್ರೆ ಏಳುತ್ತಂತೆ." ಭಾವ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಲಿಲ್ಲ.

ಉದ್ಘಾಟನೆಯ ದಿನ ಮ್ಯಾನೇಜರು ಹೊಸ ತೊಟ್ಟಿಯ ಪಕ್ಕ ನಿಂತು ಭಾಷಣ ಶುರು ಮಾಡಿದರು. ಕಾಲರು ಎಷ್ಟು ನೆಟ್ಟಗಿತ್ತೆಂದರೆ ತಲೆ ತಿರುಗಿಸಬೇಕಾದರೆ ಇಡೀ ಮನುಷ್ಯನೇ ತಿರುಗಬೇಕಿತ್ತು. ಎದುರಿನ ಕುರ್ಚಿಗಳಲ್ಲಿ ಮೇಸ್ತ್ರಿ, ಡಾಕ್ಟರು, ಇನ್ಸ್‌ಪೆಕ್ಟರು, ಆಹ್ವಾನ ಪತ್ರಿಕೆಯನ್ನು ಲಕೋಟೆಯ ಸಮೇತ ಹಿಡಿದುಕೊಂಡ ಪೋಸ್ಟ್ ಮಾಸ್ಟರು. ಹಿಂದೆ ನಾವು ಹನ್ನೊಂದು ಮಂದಿ. ಹನ್ನೆರಡನೆಯವರು ತೊಟ್ಟಿಯ ಮುಚ್ಚಳದ ಹಿಡಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಭಾಷಣ ಮುಗಿದ ಮೇಲೆ ಮುಚ್ಚಳ ತೆರೆಯಬೇಕೆಂದು ಅವರಿಗೆ ಹೇಳಲಾಗಿತ್ತು.

"ಈ ಆಲೋಚನೆ," ಎಂದರು ಮ್ಯಾನೇಜರು, "ಒಂದು ದಿನ ಇದ್ದಕ್ಕಿದ್ದ ಹಾಗೆ ನನಗೆ ಹೊಳೀತು."

ಭಾವ ಥರ್ಮಾಮೀಟರು ನೋಡಿದರು. ಹಲಗೆಯ ಮೇಲೆ ಅಂಕಿ ಬರೆದರು. ಮುಚ್ಚಳ ಎತ್ತಿದರು.

ಉಗಿ ಭುಸ್ಸೆಂದು ಎದ್ದು ಮ್ಯಾನೇಜರನ್ನು ಕುತ್ತಿಗೆಯವರೆಗೆ ತಬ್ಬಿಕೊಂಡಿತು. ಅವರು ಮಾತು ನಿಲ್ಲಿಸಲಿಲ್ಲ, ನಿಲ್ಲಿಸುವ ಜಾತಿಯವರಲ್ಲ. "ನಾನೊಬ್ಬನೇ ಹಗಲಿರುಳು…" ಎನ್ನುವಾಗ ಕಾಲರಿನ ಎಡ ಕಿವಿ ನಡುಗಿತು. "…ಯಾರ ಸಹಾಯವೂ ಇಲ್ಲದೆ…" ಎನ್ನುವಾಗ ಮೆಲ್ಲಗೆ ಬಾಗಿ, ಮಳೆಯಲ್ಲಿ ನೆನೆದ ನಾಯಿಯ ಕಿವಿಯಂತೆ ಕೆಳಗೆ ಬಿತ್ತು. ಬಲ ಕಿವಿ ಒಂದು ವಾಕ್ಯ ಹೆಚ್ಚು ತಡೆಯಿತು. ತೋಳಿನ ತುದಿಗಳು ಜಾರಿ ಬೆರಳುಗಳನ್ನು ನುಂಗಿದವು. ಇನ್ಸ್‌ಪೆಕ್ಟರು ತಮ್ಮ ಭುಜದ ಪಟ್ಟಿಗಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಮೊದಲು ನಕ್ಕವರು ಡಾಕ್ಟರು. ಆಮೇಲೆ ನಮ್ಮನ್ನು ಹಿಡಿಯುವವರಿರಲಿಲ್ಲ. ಮೇಸ್ತ್ರಿ ಎದ್ದು ಬಂದು, ಆ ಕಾಲರನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಆ ವರ್ಷದ ಉಳಿದ ಮಾತುಗಳನ್ನು ಖರ್ಚು ಮಾಡಿದರು. "ಸರಕು ಚೆನ್ನಾಗಿದೆ."

ಸಂಜೆ ನಾವು ಮನೆಗೆ ಬಂದಾಗ ಅಕ್ಕ ಇಸ್ತ್ರಿ ಮಾಡುತ್ತಿದ್ದಳು. ತಲೆಯೆತ್ತಲಿಲ್ಲ.

"ಬಿತ್ತಾ?"

"ಬಿತ್ತು," ಎಂದರು ಭಾವ.

"ಎಷ್ಟಕ್ಕೆ?"

"ಎಂಬತ್ತು ಡಿಗ್ರಿಗೆ."

ಹನ್ನೊಂದು ವರ್ಷದ ಅಭ್ಯಾಸ ಬಿಡಬೇಕಲ್ಲ. ಭಾವ ಇಸ್ತ್ರಿ ಪೆಟ್ಟಿಗೆಯ ಪಕ್ಕ ಆರಿ ಬಿದ್ದಿದ್ದ ಇದ್ದಿಲ ಚೂರೊಂದನ್ನು ತೆಗೆದುಕೊಂಡು, ಬಾಗಿಲ ಚೌಕಟ್ಟಿನ ಮೇಲೆ ದುಂಡಗೆ ಬರೆದರು: ೮೦. ಅಕ್ಕ ಆಗ ತಲೆಯೆತ್ತಿ ನೋಡಿದಳು. ಬಾಗಿಲು ಗಲೀಜು ಮಾಡಿದ್ದಕ್ಕೆ ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

ಎರಡನೇ ಷೆಡ್ಡು ಈಗಿಲ್ಲ. ಕೆಡವಿದಾಗ ಹಿತ್ತಾಳೆ ಫಲಕ ಗುಜರಿಯವನ ಗಾಡಿ ಹತ್ತಿ ಹೋಯಿತು. ಭಾವನೂ ಹೋಗಿ ಕೆಲವು ವರ್ಷವಾಯಿತು, ಕೊನೆಯವರೆಗೂ ಹಂಗಾಮಿ. ಅಕ್ಕನ ಮನೆಗೆ ಆಮೇಲೆ ಮೂರು ಸಲ ಬಣ್ಣ ಬಳಿಸಿದರು. ಮೂರು ಸಲವೂ ಅಕ್ಕ ಬಣ್ಣದವನ ಪಕ್ಕದಲ್ಲೇ ನಿಂತು, ಚೌಕಟ್ಟಿನ ಮೇಲೆ ಅಂಗೈಯಗಲ ಜಾಗ ಬಿಡಿಸಿ ಬಳಿಸಿದಳು.